ಒಂಬತ್ತನೇ ನಂಬರಿನ ಪಾದ

ಝಬ್ಬರ್, 14 ಅಕ್ಟೋಬರ್ 2018

ಪ್ರೀತಿಯ ಜೂಝಾ ಅಕ್ಕನಿಗೆ,

ಲಕೋಟೆಯ ಮೇಲೆ ಮಠದವರು ಇಟ್ಟ ಹೆಸರನ್ನೇ, ಸಿಸ್ಟರ್ ಎಂಬರ್ಥದ 'ಸೊರ್' ಸಮೇತ, ಬರೆದಿದ್ದೇನೆ, ಸೊರ್ ಕ್ಲೆಮೆನ್ಸಾ ಅಂತ. ಒಳಗೆ ಮಾತ್ರ ನೀನು ನನಗೆ ಜೂಝಾನೇ. ನಿಮ್ಮ ಮಠದ ಮುಖ್ಯಸ್ಥೆ ಮದರ್ ಪತ್ರ ಒಡೆದು ಓದುವುದಾದರೆ ಅವರಿಗೂ ನಮಸ್ಕಾರ.

ಕೊನೆಯ ವರ್ಷ ಶುರುವಾಯಿತು. ಆರೋಗ್ಯ ವಿಜ್ಞಾನದ ಆನರ್ಸ್, ಅದರಲ್ಲಿ ಪಾದ ಚಿಕಿತ್ಸೆ. ತರಗತಿಯಲ್ಲಿ ಹದಿನಾಲ್ಕು ಮಂದಿ. ಹದಿಮೂರು ಜನಕ್ಕೆ ಇಪ್ಪತ್ತೊಂದು ವಯಸ್ಸು, ಒಬ್ಬಳಿಗೆ ಐವತ್ತೆರಡು. ಹುಡುಗಿಯರು ನನ್ನನ್ನು ಅಜ್ಜಿ ಎಂದೇ ಕರೆಯುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಮಾತ್ರ "ಮೆಲೀಟಾ, ಚಿನ್ನ, ನಿಮ್ಮ ನೋಟ್ಸ್ ಕೊಡ್ತೀರಾ?" ಆಗುತ್ತದೆ. ಪಕ್ಕದ ಮನೆಯ ಶಂದ್ರು ದಿನಾ ಬಾಗಿಲಲ್ಲಿ ನಿಂತು ಅದೇ ಹಾಡು: "ಇಪ್ಪತ್ತೆಂಟು ವರ್ಷ ಊರವರ ಕಾಲಿಗೆ ಬಿಗಿ ಬೂಟು ತುರುಕಿ ಮಾರ್ದೆ. ಈಗ ಅದೇ ಕಾಲು ರಿಪೇರಿ ಮಾಡೋದು ಕಲೀತಿದೀಯಾ? ಎರಡೂ ಕಡೆಯಿಂದ ವ್ಯಾಪಾರ ಕಣಮ್ಮ ನಿಂದು!" ನಾನೂ ಬಿಡಲಿಲ್ಲ. "ನಿನ್ನ ಕಾಲಿನ ಆಣಿ ನನ್ನ ಬೂಟಿಂದಲ್ಲ, ಬೇರೆ ಅಂಗಡೀದು" ಅಂದೆ.

ಈ ವರ್ಷ ಪ್ರಬಂಧ ಬರೆಯಬೇಕು. ಮಾರ್ಗದರ್ಶಕ ಡಾಕ್ಟರ್ ಶಿಕ್ಲುನಾ, ವಯಸ್ಸು ಮೂವತ್ತೆರಡು. ಏಳು ವರ್ಷದವನಿದ್ದಾಗ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆಯುವ ದಿನಕ್ಕೆ ಕಪ್ಪು ಬೂಟು ಬೇಡವೆಂದು ನನ್ನ ಅಂಗಡಿಯ ನೆಲದ ಮೇಲೆ ಹೊರಳಾಡಿ ಅತ್ತವನು. ಈಗ ಕನ್ನಡಕ ಮೇಲೇರಿಸಿ ಹೇಳುತ್ತಾನೆ: "ಮೆಲೀಟಾ ಅವರೇ, ಹೊಸ ವಿಷಯ ತನ್ನಿ. ಫುಟ್‌ಬಾಲ್ ಆಡೋರ ಕಾಲು ಅಂದ್ರೆ ಬಾಗಿಲಾಚೆ ಕಳಿಸ್ತೀನಿ. ಆಗ್ಲೇ ಆರು ಜನ ತಂದಿದಾರೆ." ನನ್ನ ಬಾಯಿಂದ ಹೊರಟೇಬಿಟ್ಟಿತು: "ಮಠದೊಳಗಿರೋ ಕನ್ಯಾಸ್ತ್ರೀಯರ ಕಾಲು."

ಯೋಚಿಸಿ ನೋಡು. ವರ್ಷವಿಡೀ ಕಲ್ಲಿನ ನೆಲ, ದಿನಕ್ಕೆ ಏಳು ಸಲ ನಿಂತು ಪ್ರಾರ್ಥನೆ, ಮಂಡಿಯೂರುವುದು, ಎಲ್ಲರಿಗೂ ಒಂದೇ ನಮೂನೆಯ ಚಪ್ಪಲಿ. ಹನ್ನೊಂದು ಮಂದಿ, ಇಪ್ಪತ್ತೆರಡು ಪಾದ. ಶಿಕ್ಲುನಾ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. ಮದರ್ ಅಪ್ಪೊಲೋನಿಯಾ ಅವರನ್ನು ಕೇಳುತ್ತೀಯಾ? ನಿನ್ನ ತಂಗಿಯ ಮಾನ ನಿನ್ನ ಕೈಯಲ್ಲಿದೆ.

ನಿನ್ನ,
ಮೆಲೀಟಾ


ಮಠ, 2 ನವೆಂಬರ್ 2018

ತಂಗಿ ಮೆಲೀಟಾ,

ಪ್ರಭುವಿನ ಶಾಂತಿ ನಿನ್ನ ಮೇಲೂ ನಿನ್ನ ಬುದ್ಧಿಯ ಮೇಲೂ ಇರಲಿ. ಎರಡನೆಯದಕ್ಕೆ ಹೆಚ್ಚು ಬೇಕಾದಂತಿದೆ.

ಊಟದ ಮೇಲೆ ನಮಗೆ ಮಾತಾಡಲು ಅರ್ಧ ಗಂಟೆ ಬಿಡುವು. ಆಗ ನಿನ್ನ ಕಾಗದ ಓದಿದೆ. ಎಂಬತ್ತನಾಲ್ಕು ವರ್ಷದ ಸೊರ್ ವಿರ್ಜೀನಿಯಾ, "ಕಾಲಾ? ನನ್ನ ಕಾಲನ್ನ ಕಟ್ಕೊಂಡ ಗಂಡನೂ ನೋಡಿಲ್ಲ!" ಎಂದರು. "ಅಮ್ಮಾ, ನಿಮಗೆ ಗಂಡನೇ ಇಲ್ವಲ್ಲ" ಅಂದರೆ, "ನಾನು ಹೇಳಿದ್ದೂ ಅದೇನೇ" ಎಂದರು.

ಮದರ್ ಬೇಡವೆನ್ನಲಿಲ್ಲ. ಆದರೆ ಹೇಗೆ? ನಾವು ಹೊರಗೆ ಬರುವಂತಿಲ್ಲ, ನೀನು ಒಳಗೆ ಬರುವಂತಿಲ್ಲ. ಭೇಟಿಯ ಕೋಣೆಯ ಕಬ್ಬಿಣದ ಜಾಲರಿಯಲ್ಲಿ ಎರಡು ಬೆರಳಿಗಿಂತ ಹೆಚ್ಚು ತೂರುವುದಿಲ್ಲ. ಉಳಿದದ್ದು ಗೋಡೆಯೊಳಗಿನ ತಿರುಗು ಕಪಾಟು. ನಾವು ಮಾಡುವ ಬಾದಾಮಿ ಮಿಠಾಯಿ ಅದರಲ್ಲೇ ಹೊರಗೆ ಹೋಗುತ್ತದೆ, ಹಾಲು ಅದರಲ್ಲೇ ಒಳಗೆ ಬರುತ್ತದೆ. ಅಡುಗೆಮನೆಯ ಸೊರ್ ಲುಚಿಲ್ಲಾ ಗೊತ್ತಲ್ಲ, ಮಠಕ್ಕೆ ಬರುವ ಮುಂಚೆ ಹ್ಯಾಂಡ್‌ಬಾಲ್ ಆಡುತ್ತಿದ್ದವಳು? ಸಾಧ್ಯವೋ ಇಲ್ಲವೋ ನೋಡಿಯೇಬಿಡೋಣವೆಂದು ಚಪ್ಪಲಿ ಕಳಚಿ ಕಪಾಟಿನೊಳಗೆ ಒಂದು ಕಾಲು ಇಟ್ಟಳು. ಯಾರೋ ತಿರುಗಿಸಿದರು. ಆಚೆ ಬದಿ ಹಾಲಿನವನಿದ್ದ. ಅವನು ಹಾಲನ್ನು ನೆಲದ ಮೇಲೇ ಬಿಟ್ಟು ಹೋಗಿದ್ದಾನೆ. ಈಗ ಮೂರು ದಿನದಿಂದ ಅವನ ತಮ್ಮ ಬರುತ್ತಿದ್ದಾನೆ.

ಹತ್ತು ಜನರ ಕಾಲು ಸಾಲದೇ? ನನ್ನದನ್ನು ಬಿಟ್ಟುಬಿಡು. ನಾನು ನಿನ್ನ ಅಕ್ಕ, ಸರಿಯಾಗಿ ಕಾಣುವುದಿಲ್ಲ.

ಯೇಸುವಿನಲ್ಲಿ ನಿನ್ನ ಅಕ್ಕ,
ಸೊರ್ ಕ್ಲೆಮೆನ್ಸಾ


ಝಬ್ಬರ್, 20 ನವೆಂಬರ್ 2018

ಪ್ರೀತಿಯ ಅಕ್ಕ,

ಹತ್ತು ಸಾಲದು. ಹನ್ನೊಂದು ಎಂದು ಅರ್ಜಿಯಲ್ಲಿ ಬರೆದಾಗಿದೆ. ಅಕ್ಕ ಒಳಗಿದ್ದಾಳೆಂದು ಶಿಕ್ಲುನಾಗೆ ಹೇಳಿದ್ದೇನೆ. ಹೆಸರು ಬರೆಯುವಂತಿಲ್ಲ, ಬರೀ ನಂಬರು ಮತ್ತು ವಯಸ್ಸು. ಯಾವ ನಂಬರು ಯಾರದೆಂದು ಮದರ್‌ಗೆ ಮಾತ್ರ ಗೊತ್ತಿರಬೇಕು.

ಕಾಲು ಹೊರಗೆ ಬರುವುದು ಬೇಡ, ಹೆಜ್ಜೆ ಗುರುತು ಬಂದರೆ ಸಾಕು. ಶಾಯಿ ಹಚ್ಚಿ ಕಾಗದದ ಮೇಲೆ ನಿಲ್ಲುವುದು. ಭಾರ ಎಲ್ಲಿ ಬೀಳುತ್ತದೋ ಅಲ್ಲಿ ಬಣ್ಣ ಗಾಢ. ಜೊತೆಗೆ ಒಂದು ನೈಲಾನ್ ಎಳೆ ಕಳಿಸುತ್ತೇನೆ. ಕಣ್ಣು ಮುಚ್ಚಿ ಕೂತವರ ಅಂಗಾಲಿನ ಹತ್ತು ಕಡೆ ಅದನ್ನು ಮುಟ್ಟಿಸಬೇಕು. ತಿಳಿದರೆ "ಹ್ಞೂಂ" ಅನ್ನಬೇಕು, ತಿಳಿಯದಿದ್ದರೆ ಸುಮ್ಮನಿರಬೇಕು.

ನೀತಿ ಸಮಿತಿಯ ಮುಂದೆ ನಿನ್ನೆ ಕೂತಿದ್ದೆ. ಐದು ಜನ, ಒಂದು ಜಗ್ ನೀರು. ಒಬ್ಬಾಕೆ ಕೇಳಿದಳು: "ಭಾಗವಹಿಸೋರು ಇಷ್ಟ ಬಂದಾಗ ಎದ್ದು ಹೋಗೋ ಸ್ವಾತಂತ್ರ್ಯ ಇದೆಯಾ?" ನಾನೆಂದೆ: "ಅಧ್ಯಯನದಿಂದ ಹೋಗಬಹುದು ಮೇಡಂ. ಮಠದಿಂದ ಹೋಗೋದಕ್ಕೆ ಮಾತ್ರ ಧರ್ಮಾಧ್ಯಕ್ಷರ ಸಹಿ ಬೇಕು." ಶಿಕ್ಲುನಾ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಆದರೂ ಒಪ್ಪಿಗೆ ಸಿಕ್ಕಿತು.

ನಿನ್ನ,
ಮೆಲೀಟಾ


ಮಠ, 9 ಜನವರಿ 2019

ಮಾನ್ಯ ಮೆಲೀಟಾ ಅವರಿಗೆ,

ಕ್ರಿಸ್ತಜಯಂತಿಯ ಹಬ್ಬಗಳು ಮುಗಿದ ಕಾರಣ ತಮ್ಮ ಕೋರಿಕೆಯನ್ನು ಪರಿಶೀಲಿಸಿದ್ದೇನೆ. ಈ ಕೆಳಗಿನ ಷರತ್ತುಗಳ ಮೇಲೆ ಒಪ್ಪಿಗೆ ಇದೆ. ಕಾಲಗಂಟಿನಿಂದ ಮೇಲಕ್ಕೆ ಯಾವ ಅಧ್ಯಯನವೂ ನಡೆಯಕೂಡದು. ಭಾವಚಿತ್ರ ಕೂಡದು. ಎಳೆ ಮುಟ್ಟಿಸುವಾಗ ನಗಿಸಕೂಡದು.

ಷರತ್ತಿಗೆ ಸಂಬಂಧವಿಲ್ಲದ ಒಂದು ಪ್ರಶ್ನೆ: ಎಡಗಾಲಿನ ಕಿರುಬೆರಳ ಮೇಲೆ ಹನ್ನೆರಡು ವರ್ಷದಿಂದ ಆಣಿ ಇದ್ದು, ಚಳಿಗಾಲದಲ್ಲಿ ಮಾತ್ರ ಉರಿಯುತ್ತಿದ್ದರೆ ಏನು ಮಾಡಬೇಕು? ಕೇಳುತ್ತಿರುವುದು ಪರಿಚಿತರೊಬ್ಬರ ಪರವಾಗಿ.

ಪ್ರಭುವಿನಲ್ಲಿ,
ಮದರ್ ಅಪ್ಪೊಲೋನಿಯಾ


ಮಠ, 11 ಫೆಬ್ರವರಿ 2019

ತಂಗಿ ಮೆಲೀಟಾ,

ಕಟ್ಟು ಕಳಿಸಿದ್ದೇವೆ. ಹನ್ನೊಂದು ಜೊತೆ, ನಂಬರ್ ಹಾಕಿ, ಮಿಠಾಯಿ ಪೆಟ್ಟಿಗೆಯಲ್ಲಿ. ದಯವಿಟ್ಟು ತಿನ್ನಬೇಡ, ಕೆಳಗಿನ ಪದರದಲ್ಲಿ ಶಾಯಿ ಇದೆ.

ಏನು ನಡೆಯಿತೆಂದು ಬರೆಯಲೇಬೇಕು. ನೀನು "ಹ್ಞೂಂ" ಅನ್ನಬೇಕೆಂದು ಬರೆದಿದ್ದೆ. ಆದರೆ ನಮಗೆ ಸಿಕ್ಕ ಸಮಯ ಮೌನದ ಹೊತ್ತು. ಮದರ್ ಒಂದು ಕೈಗಂಟೆ ಕೊಟ್ಟರು, ತಿಳಿದರೆ ಬಾರಿಸಿ ಎಂದು. ಸೊರ್ ವಿರ್ಜೀನಿಯಾ ನಾನು ಎಳೆ ಎತ್ತಿಕೊಳ್ಳುವ ಮೊದಲೇ ಬಾರಿಸತೊಡಗಿದರು. ಹನ್ನೆರಡು ಸಲ. ಬೀದಿಯಲ್ಲಿ ಹೋಗುತ್ತಿದ್ದವರು ಯಾರಾದರೂ ತೀರಿಕೊಂಡರೇ ಎಂದು ಬಾಗಿಲಿಗೆ ಬಂದು ಕೇಳಿದರು.

ಲುಚಿಲ್ಲಾ ಶಾಯಿ ಒರೆಸಿಕೊಳ್ಳದೆ ಪ್ರಾರ್ಥನೆಗೆ ಓಡಿದಳು. ಬಾಗಿಲಿನಿಂದ ಪೂಜಾಪೀಠದವರೆಗೆ ಹದಿನೇಳು ನೀಲಿ ಹೆಜ್ಜೆ. ನಿಂಬೆಹಣ್ಣು, ಅಡುಗೆ ಸೋಡಾ, ಎರಡು ದಿನದ ಉಜ್ಜಾಟ. ಆರು ಹೋಗಿವೆ. ಉಳಿದ ಹನ್ನೊಂದನ್ನು ನಿನ್ನ ಸಮಿತಿಯವರೇ ಬಂದು ಉಜ್ಜಲಿ ಎಂದಿದ್ದಾರೆ ಮದರ್.

ನಾನೂ ನಿಂತೆ, ನಿನ್ನ ಹಟಕ್ಕೆ. ನನಗೆ ಎಲ್ಲ ಕಡೆಯೂ ಚೆನ್ನಾಗಿ ತಿಳಿಯುತ್ತದೆ.

ಯೇಸುವಿನಲ್ಲಿ,
ಸೊರ್ ಕ್ಲೆಮೆನ್ಸಾ


ಝಬ್ಬರ್, 18 ಫೆಬ್ರವರಿ 2019

ಜೂಝಾ,

ಊಟದ ಮೇಜಿನ ಮೇಲೆ ಹನ್ನೊಂದು ಹಾಳೆ ಹರಡಿಕೊಂಡು ಮೂರು ದಿನದಿಂದ ಕೂತಿದ್ದೇನೆ. ನಾಲ್ಕನೇ ನಂಬರು: ವಯಸ್ಸು ನಲವತ್ಮೂರು, ದೊಡ್ಡ ಅಗಲ ಪಾದ, ಹಿಮ್ಮಡಿಯಲ್ಲಿ ಕೊಕ್ಕೆಯಾಕಾರದ ಒಡಕು. ಒಂಬತ್ತನೇ ನಂಬರು: ವಯಸ್ಸು ಅರವತ್ತೊಂದು, ದೊಡ್ಡ ಅಗಲ ಪಾದ, ಹಿಮ್ಮಡಿಯಲ್ಲಿ ಅದೇ ಜಾಗದಲ್ಲಿ ಅದೇ ಕೊಕ್ಕೆ. ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಕೂದಲೆಳೆ ವ್ಯತ್ಯಾಸವಿಲ್ಲ.

ನಂಬರಿನ ಹಿಂದೆ ಯಾರಿದ್ದಾರೆಂದು ನನಗೆ ತಿಳಿಯಬಾರದು, ಗೊತ್ತು. ಆದರೆ ಆ ಮಠದಲ್ಲಿ ಅರವತ್ತೊಂದು ವಯಸ್ಸಿನವಳು ಒಬ್ಬಳೇ. ಅವಳು ಒಳಗೆ ಹೋಗುವ ಮೊದಲು ಹಾಕಿದ ಕೊನೆಯ ಜೋಡಿಯ ಅಳತೆಯೂ ನನಗೆ ಗೊತ್ತು, ಮೂವತ್ತಾರು. ಈಗ ನಲವತ್ತೊಂದಾಗಿದೆ. ಇದು ಪವಾಡವಾದರೆ ರೋಮ್‌ಗೆ ಬರೆಯೋಣ, ಬದುಕಿರುವಾಗಲೇ ನಿನ್ನನ್ನು ಸಂತಳೆಂದು ಸಾರಲಿ. ಪವಾಡವಲ್ಲದಿದ್ದರೆ ಆ ಹ್ಯಾಂಡ್‌ಬಾಲ್ ಆಟಗಾರ್ತಿ ಲುಚಿಲ್ಲಾ ನಿನ್ನ ಹೆಸರಿನಲ್ಲಿ ಎರಡನೇ ಸಲ ಶಾಯಿ ತುಳಿದದ್ದು ಯಾಕೆಂದು ಬರೆ.

ಮೆಲೀಟಾ


ಮಠ, 23 ಫೆಬ್ರವರಿ 2019

ಮೆಲೀಟಾ,

ಲುಚಿಲ್ಲಾಳನ್ನು ಬೈಯಬೇಡ. ನನಗೆ ಶೀತವಾಗಿತ್ತು, ಒದ್ದೆ ಶಾಯಿಯ ಮೇಲೆ ನಿಲ್ಲಲು ಮನಸ್ಸಾಗಲಿಲ್ಲ, ನೀನೂ ಕೊಡಲೇಬೇಕೆಂದು ಕೂತಿದ್ದೆ. ಹಾಗಾಗಿ ಅವಳನ್ನು ಕೇಳಿದೆ. ಸುಳ್ಳಿಗೆ ಪಾಪನಿವೇದನೆ ಮಾಡಿಕೊಂಡಿದ್ದೇನೆ. ಪಾದ್ರಿಗಳಿಗೆ ಇಡೀ ಕತೆ ಎರಡು ಸಲ ಹೇಳಬೇಕಾಯಿತು, ಮೊದಲ ಸಲ ಅವರಿಗೆ ಅರ್ಥವೇ ಆಗಲಿಲ್ಲ. ಮೂರು ಜಪಸರ ಶಿಕ್ಷೆ.

ನನ್ನ ಕಾಲು ಚೆನ್ನಾಗಿದೆ. ಎಲ್ಲೂ ನೋವಿಲ್ಲ.

ಅಕ್ಕ


ಝಬ್ಬರ್, 27 ಫೆಬ್ರವರಿ 2019

ಅಕ್ಕ,

ಅಮ್ಮನ ಕಾಲಿನ ವಿಷಯ ನಾವಿಬ್ಬರೂ ಇಪ್ಪತ್ನಾಲ್ಕು ವರ್ಷದಿಂದ ಬರೆದಿಲ್ಲ. ಈಗ ಬರೆಯುತ್ತೇನೆ.

ಮೊದಲು ಹೆಬ್ಬೆರಳ ಕೆಳಗೆ ಕಡಲೆಕಾಳಿನಷ್ಟು ಹುಣ್ಣು. ಕೇಳಿದರೆ "ಎಲ್ಲೂ ನೋವಿಲ್ಲ ಬಿಡು" ಅನ್ನುತ್ತಿದ್ದಳು. ನೀನು ಬರೆದ ಮಾತೇ ಅದು. ನಾವು ಖುಷಿಪಟ್ಟಿದ್ದೆವು. ಸಕ್ಕರೆ ಕಾಯಿಲೆಯವರಿಗೆ ನೋವಿಲ್ಲದ ಹುಣ್ಣೇ ಕೆಟ್ಟದ್ದೆಂದು ತರಗತಿಯಲ್ಲಿ ಹೇಳಿದ ದಿನ ನಾನು ಎದ್ದುಹೋಗಿ ಶೌಚಾಲಯದಲ್ಲಿ ಕೂತಿದ್ದೆ. ಬೆರಳಿಗೆಂದು ಆಸ್ಪತ್ರೆಗೆ ಹೋದವಳು ಕಾಲಿಲ್ಲದೆ ಮನೆಗೆ ಬಂದಳು. ಆಮೇಲಿನ ಹನ್ನೊಂದು ವರ್ಷ ಆ ಮೊಂಡು ಕಾಲನ್ನು ತೊಳೆದು ಕಟ್ಟಿದ ಕೈ ನನ್ನದು. ನೀನು ಬರಲಿಲ್ಲ. ಇರಲಿ.

ಮಿಠಾಯಿ ಬಾಯಿಗೆ ಹಾಕಿಕೊಂಡು ಹದ ನೋಡುವ ಕೆಲಸ ಮಠದಲ್ಲಿ ಮೂವತ್ತು ವರ್ಷದಿಂದ ನಿನ್ನದೇ ಎಂದು ನೀನೇ ಹೆಮ್ಮೆಯಿಂದ ಬರೆದಿದ್ದೀಯ. ಅಮ್ಮನ ಸಕ್ಕರೆ ಕಾಯಿಲೆಗೆ ಅದನ್ನು ಕೂಡಿಸಿ ನೋಡಿದೆ. ನನಗೆ ಲೆಕ್ಕ ಬರುತ್ತದೆ.

ಬರುವ ಬುಧವಾರ ತಪಸ್ಸುಕಾಲ ಶುರು, ಆಮೇಲೆ ಈಸ್ಟರ್ ಹಬ್ಬದವರೆಗೆ ನೀವು ಕಾಗದ ಬರೆಯುವುದಿಲ್ಲ. ಅದಕ್ಕೆ ಮುಂಚೆ ನಿನ್ನದೇ ಕಾಲಿನ ಗುರುತು ನನ್ನ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ನಾನೇ ಬಂದು ತಿರುಗು ಕಪಾಟಿನಲ್ಲಿ ಕೂರುತ್ತೇನೆ. ಹಾಲಿನವನ ತಮ್ಮನೂ ಓಡಿಹೋಗಲಿ.

ಮೆಲೀಟಾ


ಮಠ, 3 ಮಾರ್ಚ್ 2019

ತಂಗಿ,

ಇದು ನನ್ನದು. ಬಲಗಾಲು. ಹೆಬ್ಬೆರಳ ಬುಡದಲ್ಲಿ ಬಿಳಿಯಾಗಿ ಉಳಿದಿರುವುದು ಕಾಗದದ ತೂತಲ್ಲ. ಅದರ ಸುತ್ತಲಿನ ಕಂದು ಬಣ್ಣ ಶಾಯಿಯದೂ ಅಲ್ಲ. ಪಕ್ಕದ ಬೆರಳು ಕಪ್ಪಾಗಿದೆ.

ಕ್ರಿಸ್ತಜಯಂತಿಯ ಮುಂಚಿನಿಂದ ಇದೆ. ಎಳೆಯನ್ನು ನಾನೇ ನನ್ನ ಕಾಲಿಗೆ ಮುಟ್ಟಿಸಿ ನೋಡಿದ್ದೆ. ಹತ್ತರಲ್ಲಿ ಎರಡು ಕಡೆ ತಿಳಿಯಿತು.

ಈ ಕಾಗದ ಮುಗಿಸಿ ಮದರ್ ಹತ್ತಿರ ಹೋಗುತ್ತೇನೆ. ಹೆದರಿಕೆಯಾಗುತ್ತಿದೆ ಮೆಲೀಟಾ.

ಜೂಝಾ


ಝಬ್ಬರ್, 19 ಮೇ 2019

ಪ್ರೀತಿಯ ಅಕ್ಕ,

ನೀನು ಮಠಕ್ಕೆ ವಾಪಸ್ ಹೋದ ಮೇಲೆ ಮನೆ ಎಷ್ಟು ಸುಮ್ಮನಿದೆಯೆಂದರೆ ಶಂದ್ರು ಬಂದು ಕೇಳಿದ: "ಸೊರ್ ಹೋದ್ರಾ? ಬೆಳಗಿನ ಜಾವ ಐದಕ್ಕೆ ಗೋಡೆಯಾಚೆ ಕೀರ್ತನೆ ಹಾಡೋರಿಲ್ದೆ ನನಗೆ ಎಚ್ಚರಾನೇ ಆಗ್ತಿಲ್ಲ." ಆಸ್ಪತ್ರೆಯ ಎರಡು ವಾರವೂ ಸೇರಿದರೆ ಒಟ್ಟು ಏಳು ವಾರ. ಮೂವತ್ನಾಲ್ಕು ವರ್ಷದ ಮೇಲೆ ಹೊರಗೆ ಬಂದವಳು ನೀನು. ನಾನಂದುಕೊಂಡೆ ಸಮುದ್ರ ನೋಡಿ ಅಳುತ್ತೀಯ ಎಂದು. ನೀನು ಕಾರಿನ ಕಿಟಕಿಯಿಂದ ನೋಡಿ ಹೇಳಿದ್ದೇನು? "ಇಷ್ಟೊಂದು ಜನಕ್ಕೆ ಇವತ್ತು ಕೆಲಸ ಇಲ್ವಾ?"

ಶಸ್ತ್ರಚಿಕಿತ್ಸಕರ ಹತ್ತಿರ ನಿನ್ನೆ ಮಾತಾಡಿದೆ. ಮೂಳೆಗೆ ತಗಲಿರಲಿಲ್ಲ, ಇನ್ನು ಹದಿನೈದು ದಿನ ತಡವಾಗಿದ್ದರೆ ಬೇರೆ ಮಾತಾಗುತ್ತಿತ್ತು ಎಂದರು. ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಅರಿವಳಿಕೆಯಿಂದ ಎದ್ದವಳು ನೀನು ಮೊದಲು ಎಣಿಸಿದ್ದು ಬೆರಳನ್ನೇ. "ಒಂಬತ್ತನೇ ನಂಬರಿಗೆ ಒಂಬತ್ತು ಬೆರಳು. ಈಗ ನಿನ್ನ ಅಧ್ಯಯನಕ್ಕೆ ಸರಿಹೋಯ್ತಲ್ಲ" ಎಂದೆ. ನರ್ಸ್‌ಗೆ ಏನೂ ಅರ್ಥವಾಗಲಿಲ್ಲ. ನಾನು ನಗುತ್ತಾ ಅಳುತ್ತಿದ್ದೆ.

ಅಧ್ಯಯನದ ಕತೆ ಕೇಳು. ನಿನ್ನ ಹಾಳೆ ಬಂದ ದಿನವೇ ಶಿಕ್ಲುನಾ ಮುಂದೆ ಕೂತು ಎಲ್ಲ ಹೇಳಿದ್ದೆ: ನಂಬರಿನ ಹಿಂದಿನ ಮುಖ ನಾನು ಗುರುತು ಹಿಡಿದದ್ದು, ಎರಡು ಹಾಳೆ ಒಂದೇ ಕಾಲಿನದಾದದ್ದು. ಅವನು ಕನ್ನಡಕ ಒರೆಸಿಕೊಂಡು ಹೇಳಿದ: "ಮೆಲೀಟಾ ಅವರೇ, ಒಂಬತ್ತನೇ ನಂಬರು ಕಾಯಿಲೆ ಬಿದ್ದು ಬಿಟ್ಟುಹೋಯ್ತು ಅಂತ ಒಂದು ಸಾಲು ಬರೆದ್ರೂ ಸುಳ್ಳಲ್ಲ. ಪ್ರಥಮ ದರ್ಜೆ ನಿಮ್ಮ ಕೈಯಲ್ಲಿದೆ."

"ಪೂರ್ತಿ ನಿಜಾನೂ ಅಲ್ವಲ್ಲ ಡಾಕ್ಟರೇ" ಅಂದೆ. "ನನ್ನ ಅಕ್ಕ ಒಂದು ಸುಳ್ಳಿಗೆ ಮೂರು ಜಪಸರ ಹೇಳಿದಾಳೆ. ನನಗೆ ಅಷ್ಟು ತಾಳ್ಮೆ ಇಲ್ಲ."

ಹಾಗಾಗಿ ಇಡೀ ಒಂದು ಅಧ್ಯಾಯ ಬರೆದೆ, ತಪ್ಪು ಎಲ್ಲೆಲ್ಲಿ ಆಯಿತೆಂದು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪ್ರೊಫೆಸರ್ ಅದೊಂದನ್ನೇ ನಲವತ್ತು ನಿಮಿಷ ಕೆದಕಿದರು. ಸಮಿತಿ ಒಂಬತ್ತನ್ನು ಹೊಡೆದುಹಾಕಿತು. ಅಕ್ಕನನ್ನು ಮೊದಲೇ ಸೇರಿಸಬಾರದಿತ್ತೆಂದು ಅಂಕ ಕಳೆದರು. ಎರಡನೇ ದರ್ಜೆ ಬರಬಹುದು. ಸೊರ್ ವಿರ್ಜೀನಿಯಾರ ಪಾದ ಮಾತ್ರ ಎಲ್ಲರ ಮೆಚ್ಚುಗೆ ಗಳಿಸಿದೆ. ಮೂವತ್ತರವರ ಪಾದ ಇದ್ದ ಹಾಗಿದೆಯಂತೆ. ಅವರಿಗೆ ಹೇಳಬೇಡ, ಗಂಟೆ ಬಾರಿಸಿಯಾರು.

ಒಂದು ಮಾತು. ಕಾಗದದಲ್ಲಿ ಇಷ್ಟು ಹರಟುವ ನಾವಿಬ್ಬರು ಐದು ವಾರ ಒಂದೇ ಅಡುಗೆಮನೆಯಲ್ಲಿ ಎದುರುಬದುರು ಕೂತು ಉಪ್ಪು ಹೆಚ್ಚೋ ಕಡಿಮೆಯೋ ಎಂಬುದರ ಹೊರತು ಏನನ್ನೂ ಮಾತಾಡಲಿಲ್ಲ. ಅಮ್ಮನ ಕುರ್ಚಿಯಲ್ಲಿ ನೀನು ಒಂದು ದಿನವೂ ಕೂರಲಿಲ್ಲ. ಗಮನಿಸಿದೆ.

ನಿನ್ನ,
ಮೆಲೀಟಾ


ಮಠ, 17 ನವೆಂಬರ್ 2019

ತಂಗಿ ಮೆಲೀಟಾ,

ಮುಂದಿನ ವಾರ ನಿನಗೆ ಪದವಿ ಕೊಡುತ್ತಾರೆ. ಕಪ್ಪು ನಿಲುವಂಗಿ ಹಾಕುತ್ತಾರಂತೆ. ನಮ್ಮ ಮನೆಯಲ್ಲಿ ಅದನ್ನು ಹಾಕುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ನೀನು ಕಳಿಸಿದ ಕೈಗನ್ನಡಿಯಲ್ಲಿ ದಿನಾ ಅಂಗಾಲು ನೋಡಿಕೊಳ್ಳುತ್ತೇನೆ. ಮಠದಲ್ಲಿ ಕನ್ನಡಿ ಇರುವಂತಿಲ್ಲ. ಕಾಲಿಗೆ ಮಾತ್ರ ಎಂಬ ಷರತ್ತಿನ ಮೇಲೆ ಮದರ್ ಒಪ್ಪಿದ್ದಾರೆ. ಮೊನ್ನೆ ಲುಚಿಲ್ಲಾ ಹುಬ್ಬು ನೋಡಿಕೊಳ್ಳುತ್ತಿದ್ದಾಗ ಸಿಕ್ಕಿಬಿದ್ದಳು. "ಇದ್ಯಾವ ಕಾಲಮ್ಮ?" ಎಂದರು ಮದರ್.

ಮೇ ತಿಂಗಳ ನಿನ್ನ ಕಾಗದಕ್ಕೆ ಮೂರು ಉತ್ತರ ಬರೆದೆ. ಮೂರರಲ್ಲೂ ಹವಾಮಾನವೇ ಇತ್ತು. ಇದು ನಾಲ್ಕನೆಯದು.

ಅಮ್ಮನ ಕಾಲು ತೆಗೆದ ದಿನ ಮಠದವರು ನನ್ನನ್ನು ಬಿಡಲಿಲ್ಲವೆಂದು ನೀನು ತಿಳಿದಿದ್ದೀಯ. ಬಿಟ್ಟಿದ್ದರು. ಆಗಿನ ಮದರ್ ಕೊಸ್ತಾಂಝಾ ಕರೆದು, "ಹೋಗ್ಬಾ ಮಗಳೇ, ಎಷ್ಟು ದಿನ ಬೇಕೋ ಅಷ್ಟು ದಿನ ಇದ್ದು ಬಾ" ಎಂದಿದ್ದರು. ಚೀಲ ಕಟ್ಟಿಕೊಂಡು ಬಾಗಿಲವರೆಗೆ ಬಂದೆ. ಹೊರಗೆ ಬಸ್ಸಿನ ಸದ್ದು ಕೇಳಿಸಿತು. ಅಮ್ಮನನ್ನು ಹಾಗೆ ನೋಡಿದರೆ, ನೀನೊಬ್ಬಳೇ ಎತ್ತಿ ಕೂರಿಸುವುದನ್ನು ನೋಡಿದರೆ, ನಾನು ಮತ್ತೆ ಒಳಗೆ ಬರಲಾರೆ ಎಂದು ಗೊತ್ತಾಯಿತು. ಒಳಗೆ ಇರಬೇಕೆಂದು ನನಗೆ ಆಸೆ ಇತ್ತು, ಮೆಲೀಟಾ. ವಾಪಸ್ ಹೋಗಿ ಚೀಲ ಬಿಚ್ಚಿ ಬಟ್ಟೆ ಮಡಿಚಿಟ್ಟೆ. ಹದಿನೆಂಟು ವರ್ಷದ ನಿನಗೆ ನರ್ಸಿಂಗ್ ಓದಲು ಸಿಕ್ಕಿದ್ದ ಜಾಗ ನಾನು ಮಠಕ್ಕೆ ಬಂದ ವರ್ಷ, ಅಮ್ಮನ ಜೊತೆ ನೀನೇ ಉಳಿಯಬೇಕಾಗಿ ಬಂದು, ಕೈತಪ್ಪಿ ಹೋಯಿತು. ನಾನು ನಿನಗೆ ಮಾಡಿದ ಅನ್ಯಾಯದಲ್ಲಿ ಅದು ಮೊದಲನೆಯದು. ಇದು ಎರಡನೆಯದು.

ಪಾದ್ರಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಹೇಳಬೇಕಾಗಿದ್ದವಳಿಗೆ ಇವತ್ತು ಹೇಳುತ್ತಿದ್ದೇನೆ.

ಜೂಝಾ


ಝಬ್ಬರ್, 2 ಡಿಸೆಂಬರ್ 2019

ಅಕ್ಕ,

ನನಗೆ ಗೊತ್ತಿತ್ತು.

ಆವತ್ತು ಸಂಜೆ ಆಸ್ಪತ್ರೆಯಿಂದ ನೇರ ನಿಮ್ಮ ಬಾಗಿಲಿಗೆ ಬಂದು ಒದ್ದಿದ್ದೆ. ಮದರ್ ಕೊಸ್ತಾಂಝಾ ಜಾಲರಿಯ ಹಿಂದಿನಿಂದ, "ಬಾಗಿಲು ತೆಗೆದೇ ಇಟ್ಟಿದ್ದೀವಿ ಮಗಳೇ, ಅವಳೇ ಬರ್ತಿಲ್ಲ" ಎಂದರು. ನಿನಗೆ ಹೇಳಬೇಡಿ ಎಂದು ಕೇಳಿಕೊಂಡು ಬಂದೆ. ಹನ್ನೊಂದು ವರ್ಷ ಸಿಟ್ಟಿತ್ತು. ಅಮ್ಮ ಹೋದ ಮೇಲೆ ಸಿಟ್ಟು ಮಾಡಲು ಹೊತ್ತು ಇನ್ನೂ ಜಾಸ್ತಿ ಸಿಕ್ಕಿತು. ಆಮೇಲೆ ಅಂಗರಚನಾಶಾಸ್ತ್ರದ ಪರೀಕ್ಷೆ ಬಂತು, ಪಾದದಲ್ಲಿ ಇಪ್ಪತ್ತಾರು ಮೂಳೆ ಬಾಯಿಪಾಠ ಮಾಡಬೇಕಿತ್ತು, ಸಿಟ್ಟಿಗೆ ತಲೆಯಲ್ಲಿ ಜಾಗ ಉಳಿಯಲಿಲ್ಲ.

ಏಪ್ರಿಲ್‌ನಲ್ಲಿ ಒಂದು ದಿನ ನಿನ್ನ ಪಾದ ನನ್ನ ತೊಡೆಯ ಮೇಲಿತ್ತು. ಜಡ್ಡು ಕೆರೆಯುವ ಬ್ಲೇಡು ನನ್ನ ಕೈಯಲ್ಲಿತ್ತು. ಈಗ ಕೇಳಿಬಿಡಲೇ ಅನ್ನಿಸಿತು. ತಲೆಯೆತ್ತಿ ನೋಡಿದರೆ ನೀನು ಕಣ್ಣು ಗಟ್ಟಿಯಾಗಿ ಮುಚ್ಚಿ ಕುರ್ಚಿಯ ಕೈ ಹಿಡಿದುಕೊಂಡಿದ್ದೆ. ನೋವು ತಿಳಿಯದ ಕಾಲು, ಹಾಗಾದರೆ ಹೆದರಿಕೆ ಬ್ಲೇಡಿನದಲ್ಲ. ಕೇಳಲಿಲ್ಲ. ನೀನೇ ಹೇಳಿದ್ದು ಒಳ್ಳೆಯದಾಯಿತು. ಒಳಗೆ ಇರಬೇಕೆಂದು ಆಸೆಪಟ್ಟವಳು ಒಳಗಿದ್ದಾಳೆ, ಓದಬೇಕೆಂದು ಆಸೆಪಟ್ಟವಳು ಓದಿದ್ದಾಳೆ. ನನ್ನದು ಸ್ವಲ್ಪ ತಡವಾಯಿತು, ಅಷ್ಟೇ.

ಎರಡನೇ ದರ್ಜೆಯೇ ಬಂತು. ಹೆಸರು ಕೂಗಿದಾಗ ಹದಿಮೂರು ಹುಡುಗಿಯರೂ ಎದ್ದು ನಿಂತು "ಅಜ್ಜೀ!" ಎಂದು ಕಿರುಚಿ ಸಭೆಯಲ್ಲಿ ನನ್ನ ಮಾನ ಕಳೆದರು. ಶಂದ್ರು ಹೂವು ತಂದಿದ್ದ, ಬಿಗಿ ಬೂಟು ಹಾಕಿಕೊಂಡು ಕುಂಟುತ್ತಾ.

ಇನ್ನು ಮುಖ್ಯ ವಿಷಯ. ಮದರ್ ಅಪ್ಪೊಲೋನಿಯಾ ತಮ್ಮ "ಪರಿಚಿತರೊಬ್ಬರ" ಆಣಿಯ ಸಲುವಾಗಿ ಧರ್ಮಾಧ್ಯಕ್ಷರಿಗೆ ಅರ್ಜಿ ಹಾಕಿದ್ದರಂತೆ, ನಿನಗೂ ಹೇಳಿಲ್ಲ. ಮೊನ್ನೆ ಸಹಿಯಾಗಿ ಬಂತು. ವೃತ್ತಿ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ ಮೇಲೆ, ತಿಂಗಳಿಗೊಮ್ಮೆ, ವೈದ್ಯಕೀಯ ಅಗತ್ಯಕ್ಕಾಗಿ, ಮೆಲೀಟಾ ಎಂಬವರು ಮಠದ ಒಳಬಾಗಿಲು ದಾಟಬಹುದು. ಜಾಲರಿ ಇಲ್ಲ, ಕಪಾಟಿಲ್ಲ. ಮೂವತ್ತೈದು ವರ್ಷ ಅತ್ತರೂ ಒದ್ದರೂ ತೆರೆಯದ ಬಾಗಿಲಿಗೆ ಒಂದು ಎರಡನೇ ದರ್ಜೆಯ ಡಿಗ್ರಿ ಸಾಕಾಯಿತು.

ಜನವರಿಯ ಮೊದಲ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ. ಹನ್ನೊಂದು ಜನರನ್ನೂ ನೋಡುತ್ತೇನೆ. ವಯಸ್ಸಿನ ಪ್ರಕಾರ ಸಾಲು. ಅಕ್ಕನೆಂದು ಮುಂದೆ ನುಗ್ಗಬೇಡ. ಕಾಲು ತೊಳೆದುಕೊಂಡು ಬಾ.

ನಿನ್ನ ತಂಗಿ,
ಮೆಲೀಟಾ